ಲಿಪಿ ನಮ್ಮದು, ಬೀಗದ ಕೈ ಯಾರದು?

ಚಿಕ್ಕಬಳ್ಳಾಪುರದ ಗೆಳೆಯ, ನಿನ್ನ ಜೇಬಿನಲ್ಲಿರುವ ಫೋನನ್ನು ಒಮ್ಮೆ ಹೊರಗೆ ತೆಗೆ. ಗೌರಿಬಿದನೂರಿನ ರೈಲಿನಲ್ಲಿ, ಚಿಂತಾಮಣಿಯ ಬಸ್ಸಿನಲ್ಲಿ, ಶಿಡ್ಲಘಟ್ಟದ ಟೀ ಅಂಗಡಿಯಲ್ಲಿ ಕುಳಿತು ಈ ಪತ್ರಿಕೆ ಓದುತ್ತಿರುವ ತಮ್ಮ, ತಂಗಿ, ನೀವೂ ತೆಗೆಯಿರಿ. ಸೆಟ್ಟಿಂಗ್ಸ್‌ಗೆ ಹೋಗಿ ನೋಡಿ. ಅದು ಯಾವ ಭಾಷೆಯಲ್ಲಿ ನಿಮ್ಮೊಡನೆ ಮಾತನಾಡುತ್ತಿದೆ?

ಇಂಗ್ಲಿಷಿನಲ್ಲಿ!

ಬೈಕಿನ ಮೇಲೆ ಹಳದಿ ಕೆಂಪು ಬಾವುಟ. ಫೋನಿನ ಕವರಿನ ಮೇಲೆ ಭುವನೇಶ್ವರಿಯ ಚಿತ್ರ. ನವೆಂಬರ್ 1ರಂದು ಎದೆಯ ಮೇಲೆ ಬ್ಯಾಡ್ಜು. ಫೋನಿನ ಒಳಗೆ ಮಾತ್ರ ಕನ್ನಡಕ್ಕೆ ಒಂದು ಅಂಗೈಯಗಲದ ಜಾಗವಿಲ್ಲ. ರಾಜ್ಯೋತ್ಸವದ ಶುಭಾಶಯವನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿ ಕಳಿಸುತ್ತೀಯಲ್ಲ, ನಾಚಿಕೆಯಾಗುವುದಿಲ್ಲವೇ?

ಸಿಟ್ಟು ಬಂತೇ? ಬರಲಿ. ಆ ಸಿಟ್ಟನ್ನು ಜೋಪಾನವಾಗಿ ಇಟ್ಟುಕೋ. ಈ ಲೇಖನ ಮುಗಿಯುವ ಹೊತ್ತಿಗೆ ಅದಕ್ಕೆ ಕೆಲಸ ಕೊಡುತ್ತೇನೆ.

ಬೈದರೆ ಕೆರಳುತ್ತೇವೆ, ಬಿಟ್ಟರೆ ಸುಮ್ಮನಿರುತ್ತೇವೆ

2021ರ ಜೂನ್ ತಿಂಗಳು ನೆನಪಿದೆಯೇ? ಭಾರತದ ಅತಿ ಕುರೂಪಿ ಭಾಷೆ ಯಾವುದು ಎಂದು ಹುಡುಕಿದರೆ ಗೂಗಲ್ ಕನ್ನಡದ ಹೆಸರು ತೋರಿಸಿತು. ನಾಡೆಲ್ಲ ಕೆರಳಿತು. ಗೂಗಲ್ ಕ್ಷಮೆ ಕೇಳಿತು. ಕೇಳಲೇಬೇಕಿತ್ತು!

ಆದರೆ ಅದಕ್ಕೂ ಮೊದಲು, 2016ರ ಡಿಸೆಂಬರ್‌ನಲ್ಲಿ ನಡೆದದ್ದು ನಿನಗೆ ಗೊತ್ತೇ? ಅಮೆಜಾನ್ ಕಂಪನಿ ತನ್ನ ಕಿಂಡಲ್ ಓದುಗ ಸಾಧನಕ್ಕೆ ಐದು ಭಾರತೀಯ ಭಾಷೆಗಳ ಪುಸ್ತಕಗಳನ್ನು ತಂದಿತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ? ಇಲ್ಲ! 2011ರ ಜನಗಣತಿಯಂತೆ ಮಲಯಾಳಂ ಮಾತೃಭಾಷಿಕರು ಸುಮಾರು 3.5 ಕೋಟಿ, ಕನ್ನಡ ಮಾತೃಭಾಷಿಕರು ಸುಮಾರು 4.4 ಕೋಟಿ. ತಲೆ ಎಣಿಸಿದರೆ ನಾವು ಮುಂದು. ಎಂಟು ಜ್ಞಾನಪೀಠಗಳ ಭಾಷೆ ನಮ್ಮದು. ಆದರೂ ಆ ಪಂಕ್ತಿಯಲ್ಲಿ ನಮಗೆ ಎಲೆ ಹಾಕಲಿಲ್ಲ.

ಆಗ ಯಾವ ವೃತ್ತದಲ್ಲಿ ಟೈರು ಸುಟ್ಟೆವು? ಯಾವ ಕಚೇರಿಗೆ ಮುತ್ತಿಗೆ ಹಾಕಿದೆವು? ಎಲ್ಲೂ ಇಲ್ಲ. ಬೈಗುಳ ಕಿವಿಗೆ ಬೀಳುತ್ತದೆ, ಕೆರಳುತ್ತೇವೆ. ಪಟ್ಟಿಯಿಂದ ಹೆಸರು ಬಿಟ್ಟರೆ ಸದ್ದಾಗುವುದಿಲ್ಲ, ಸುಮ್ಮನಿರುತ್ತೇವೆ. ಭಾಷೆ ಸಾಯುವುದು ಈ ಸದ್ದಿಲ್ಲದ ಕಡೆಯಿಂದಲೇ ಗೆಳೆಯ.

ಆ ಕಂಪನಿಯ ಮನಸ್ಸಿನಲ್ಲಿ ಏನಿತ್ತೋ ಅವರೇ ಬಲ್ಲರು. ಆದರೆ ವ್ಯಾಪಾರಿಯ ಲೆಕ್ಕ ಎಲ್ಲರಿಗೂ ಗೊತ್ತಿರುವುದೇ. ಅವನು ಜನರನ್ನು ಎಣಿಸುವುದಿಲ್ಲ, ಗಿರಾಕಿಗಳನ್ನು ಎಣಿಸುತ್ತಾನೆ. ನಾವು 4.4 ಕೋಟಿ ಜನ. ಗಿರಾಕಿಗಳು ಎಷ್ಟು?

ಇಲ್ಲಿಗೆ ಬಂತು ನಮ್ಮ ಮನೆಯ ಕೊಳಕು.

ಕದ್ದ ಪ್ರತಿಗೆ ಮತವಿಲ್ಲ

ನಮ್ಮ ನಾಲ್ಕು ಊರುಗಳಲ್ಲಿ ಯಾವುದಾದರೂ ಹಳೆಯ ಡಿಟಿಪಿ ಅಂಗಡಿಗೆ ಹೋಗು. ಲಗ್ನಪತ್ರಿಕೆ, ಕರಪತ್ರ, ವೈಕುಂಠ ಸಮಾರಾಧನೆಯ ಕಾರ್ಡು, ನಮ್ಮ ಸಂಘಟನೆಗಳ ಬ್ಯಾನರು, ಎಲ್ಲವೂ ತಯಾರಾಗುವುದು ಅಲ್ಲೇ. ಬಹಳ ಕಡೆ ಇಂದಿಗೂ ಪೇಜ್‌ಮೇಕರ್ ಓಡುತ್ತಿರುತ್ತದೆ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಎಂದರೇನೆಂದೇ ತಿಳಿಯದು. ಮುಂದಿನ ಆವೃತ್ತಿ ಯಾಕಿಲ್ಲ ಎಂದು ಅಂಗಡಿಯವನು ಯಾರನ್ನು ಕೇಳಬೇಕು? ಕೊಂಡಿದ್ದರೆ ತಾನೇ ಕೇಳುವುದು! ನಕಲು ಸಿ.ಡಿ.ಯಿಂದ ಹಾಕಿಕೊಂಡವನಿಗೆ ರಸೀದಿಯೂ ಇಲ್ಲ, ಬಾಯಿಯೂ ಇಲ್ಲ.

ಕಾನೂನು ಏನು ಹೇಳುತ್ತದೆ ಕೇಳು. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಿದ್ದುಪಡಿ ತಂದು 63ಬಿ ಎಂಬ ಸೆಕ್ಷನ್ ಸೇರಿಸಿದರು. ನಕಲು ತಂತ್ರಾಂಶ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ ಕನಿಷ್ಠ 7 ದಿನ, ಗರಿಷ್ಠ 3 ವರ್ಷ ಸೆರೆ. 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕೆ ಬಳಸದಿದ್ದರೆ ನ್ಯಾಯಾಲಯ ಸೆರೆಯನ್ನು ಬಿಟ್ಟು 50 ಸಾವಿರದೊಳಗೆ ದಂಡ ಹಾಕಬಹುದು, ಅಷ್ಟೇ ರಿಯಾಯಿತಿ.

ನಾನು ಪೊಲೀಸರ ಭಯ ತೋರಿಸಲು ಇದನ್ನು ಹೇಳುತ್ತಿಲ್ಲ. ದೊಡ್ಡ ಕಂಪನಿಗಳ ಪರ ವಕಾಲತ್ತನ್ನೂ ವಹಿಸುತ್ತಿಲ್ಲ. ಆ ಕಂಪನಿಗಳಿಗೆ ನಮ್ಮ ಕಳ್ಳತನದಿಂದ ಏನೂ ಮುಕ್ಕಾಗಲಿಲ್ಲ. ಮುಕ್ಕಾದದ್ದು ಕನ್ನಡ! ಕದ್ದ ಪ್ರತಿ ಎಂದರೆ ಮತದಾರರ ಪಟ್ಟಿಯಲ್ಲಿ ಇಲ್ಲದ ಹೆಸರು. ಲಕ್ಷ ಜನ ಬಳಸಿದರೂ ಲೆಕ್ಕ ಸೊನ್ನೆ. ಲೆಕ್ಕ ಸೊನ್ನೆಯಾದ ಮೇಲೆ 'ಕನ್ನಡಕ್ಕೆ ಬೇಡಿಕೆ ಇಲ್ಲ' ಎಂದು ಅವರು ಹೇಳಿದರೆ ನಾವು ಯಾವ ಕಾಗದ ತೋರಿಸಬೇಕು?

ಬಡವನು ಏನು ಮಾಡಬೇಕು ಎನ್ನುತ್ತೀಯಾ? ಉತ್ತರ ಇದೆ, ಮುಂದೆ ಬರುತ್ತದೆ. ಅದಕ್ಕೂ ಮೊದಲು ನನ್ನ ಕಥೆ ಕೇಳು.

ಗೆದ್ದಲು ತಿಂದ ಹಾಡು

ನಾನು ಹುಡುಗನಾಗಿದ್ದಾಗ ಚಿಂತಾಮಣಿಯ ಒಂದು ಡಿಟಿಪಿ ಅಂಗಡಿಯಲ್ಲಿ ಅಕ್ಷರ ಜೋಡಿಸುತ್ತಿದ್ದೆ. ನಮ್ಮೂರ ಮೇಷ್ಟ್ರೊಬ್ಬರು ಮೂರು ನೋಟ್‌ಬುಕ್ ತಂದುಕೊಟ್ಟರು. ಸುತ್ತಲಿನ ಹಳ್ಳಿಗಳ ಹೆಂಗಸರು ಹಿಪ್ಪುನೇರಳೆ ಸೊಪ್ಪು ಬಿಡಿಸುವಾಗ, ರಾಗಿ ಬೀಸುವಾಗ ಹೇಳುತ್ತಿದ್ದ ಪದಗಳನ್ನು ಹದಿನೈದು ವರ್ಷ ಸುತ್ತಿ ಅವರು ಬರೆದುಕೊಂಡಿದ್ದರು. ಅರ್ಧ ಕನ್ನಡ, ನಡುನಡುವೆ ತೆಲುಗು, ನಮ್ಮ ಸೀಮೆಯ ಮಾತಿನ ಹಾಗೆಯೇ. ಇನ್ನೂರ ಎಂಬತ್ತು ಪುಟ ಜೋಡಿಸಿದೆ. ಪುಸ್ತಕ ಮಾಡಲು ದುಡ್ಡು ಒದಗಲಿಲ್ಲ. ಕಡತವನ್ನು ಸಿ.ಡಿ.ಗೆ ಹಾಕಿ ಕೊಟ್ಟೆ.

ಇಪ್ಪತ್ತು ವರ್ಷದ ಮೇಲೆ ಅವರ ಮಗಳು ಆ ಸಿ.ಡಿ. ತಂದಳು. ಮೇಷ್ಟ್ರು ತೀರಿಹೋಗಿದ್ದರು. ನೋಟ್‌ಬುಕ್ಕುಗಳನ್ನು ಗೆದ್ದಲು ತಿಂದಿತ್ತು. ಕಡತ ತೆರೆದೆ. ಪರದೆಯ ತುಂಬ ಕೊಕ್ಕೆ, ಬಾಲ, ಚುಕ್ಕೆ ಅಂಟಿಸಿಕೊಂಡ ಇಂಗ್ಲಿಷ್ ಅಕ್ಷರಗಳ ಸಂತೆ! ಒಂದಕ್ಷರ ಕನ್ನಡವಿಲ್ಲ. ಆ ಅಂಗಡಿಯಲ್ಲಿ ನಾವು ಬಳಸುತ್ತಿದ್ದುದು ಬೀಗ ಒಡೆದ ಕನ್ನಡ ತಂತ್ರಾಂಶ. ಅದರ ಫಾಂಟು ಹೋಗಿತ್ತು, ಅಂಗಡಿಯೂ ಹೋಗಿತ್ತು. ಕೊಂಡ ಗಿರಾಕಿಯಾಗಿದ್ದರೆ ತಯಾರಿಸಿದವರ ಬಾಗಿಲು ಬಡಿಯಬಹುದಿತ್ತು. ಯಾವ ಮುಖ ಹೊತ್ತು ಹೋಗಲಿ?

ಸಿಕ್ಕಿದ್ದು ಮೊದಲೇ ಕಾಗದದ ಮೇಲೆ ತೆಗೆದಿದ್ದ ನಲವತ್ತು ಪುಟ. ಮಿಕ್ಕ ಇನ್ನೂರ ನಲವತ್ತು ಪುಟ, ಆ ಅಜ್ಜಿಯರ ದನಿ, ನನ್ನ ಕೈಯಿಂದಲೇ ಹೋಯಿತು. ಆ ಹೆಣ್ಣುಮಗಳು ಏನೂ ಅನ್ನಲಿಲ್ಲ. ಸಿ.ಡಿ.ಯನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡು ಹೋದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಲಾಟಿಗೊಂದು ನಂಬರು

ಯಾಕೆ ಹೀಗಾಯಿತು? ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ರೈತ ಗೂಡು ತಂದು ಸುರಿದ ಕೂಡಲೇ ಅವನ ಲಾಟಿಗೆ ಒಂದು ನಂಬರು ಬೀಳುತ್ತದೆ. ಹರಾಜು ನಡೆಸುವವನಿಗೂ, ತೂಕ ಹಾಕುವವನಿಗೂ, ರೀಲರಿಗೂ ಅದೇ ನಂಬರು. ಒಬ್ಬೊಬ್ಬ ರೀಲರೂ ತನ್ನದೇ ನಂಬರು ಕೊಟ್ಟರೆ ಏನಾಗುತ್ತದೆ? ಯಾರ ಗೂಡು ಯಾರಿಗೋ!

ಕಂಪ್ಯೂಟರಿಗೆ 'ಕ' ಎಂಬುದು ಅಕ್ಷರವಲ್ಲ, ಒಂದು ಸಂಖ್ಯೆ. 1990ರ ದಶಕದಲ್ಲಿ ಕನ್ನಡ ತಂತ್ರಾಂಶ ಮಾರಿದ ಒಂದೊಂದು ಕಂಪನಿಯೂ 'ಕ'ಗೆ ತನ್ನದೇ ಸಂಖ್ಯೆ ಕೊಟ್ಟಿತು. ಇಂಗ್ಲಿಷ್ ಅಕ್ಷರಗಳ ಮನೆಗಳಿಗೆ ಕನ್ನಡದ ಆಕಾರಗಳನ್ನು ತುರುಕಿದರು. ಫಾಂಟು ಇದ್ದರೆ ಕನ್ನಡ, ಫಾಂಟು ತೆಗೆದರೆ ಕಸ. ಸಾವಿರ ವರ್ಷದಿಂದ ನಮ್ಮದಾಗಿದ್ದ ಲಿಪಿಗೆ ನಾವೇ ಬಾಡಿಗೆದಾರರಾದೆವು. ಅನೇಕ ತಂತ್ರಾಂಶಗಳ ಜೊತೆ ಡಾಂಗಲ್ ಎಂಬ ಬೀಗವೂ ಬರುತ್ತಿತ್ತು. ಅದನ್ನು ಕಂಪ್ಯೂಟರಿನ ಹಿಂದೆ ಸಿಕ್ಕಿಸಿದರೆ ಮಾತ್ರ 'ಕನ್ನಡ' ಎಂದು ಬರೆಯಬಹುದು!

ಇದಕ್ಕೆ ಎದುರಾಗಿ ನಿಂತವರೂ ಕನ್ನಡಿಗರೇ. ಕೆ.ಪಿ. ರಾವ್ ಅವರು ಕನ್ನಡದ ಉಚ್ಚಾರಣೆಯ ತರ್ಕಕ್ಕೆ ಹೊಂದುವ ಕೀಲಿಮಣೆ ವಿನ್ಯಾಸ ಮಾಡಿದರು, 'ಸೇಡಿಯಾಪು' ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಶೇಷಾದ್ರಿವಾಸು 1998ರಲ್ಲಿ 'ಬರಹ'ವನ್ನು ಉಚಿತವಾಗಿ ಕೊಟ್ಟರು. ಹೊರದೇಶದ ಕನ್ನಡಿಗರೂ ಮನೆಗೆ ಕನ್ನಡದಲ್ಲಿ ಕಾಗದ ಬರೆಯುವಂತಾಯಿತು. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ 'ನುಡಿ' ತಂದಿತು. ಕಾದಂಬರಿ ಬರೆಯಬೇಕಾದ ಪೂರ್ಣಚಂದ್ರ ತೇಜಸ್ವಿ ಅವರು ಕನ್ನಡ ತಂತ್ರಾಂಶಕ್ಕಾಗಿ ತಲೆ ಕೆಡಿಸಿಕೊಂಡರು. ಇವರೆಲ್ಲರಿಗೂ ನಮ್ಮ ನಮಸ್ಕಾರ.

ಆದರೆ ಒಂದು ಮಾತನ್ನು ಹೇಳಲೇಬೇಕು. 'ಬರಹ' ಮತ್ತು 'ನುಡಿ'ಯ ನಡುವೆ ಯಾರು ಯಾರದನ್ನು ತೆಗೆದುಕೊಂಡರು ಎಂಬ ವಾದ ಕನ್ನಡ ಗಣಕ ಲೋಕದಲ್ಲಿ ವರ್ಷಗಟ್ಟಲೆ ಹೊಗೆಯಾಡಿತು. ತೀರ್ಪು ಹೇಳುವ ಪೀಠ ನಮ್ಮದಲ್ಲ. ನಮ್ಮ ಪ್ರಶ್ನೆ ಬೇರೆ. ಜನರ ದುಡ್ಡು ಹಾಕಿದ ತಂತ್ರಾಂಶದ ಆಕರ ಸಂಕೇತ, ಅಂದರೆ ಅದರ ಅಡುಗೆಯ ವಿಧಾನ, ಮೊದಲ ದಿನದಿಂದಲೇ ಜನರ ಕಣ್ಣಮುಂದೆ ಇದ್ದಿದ್ದರೆ ಆ ವಾದ ಹುಟ್ಟುತ್ತಿತ್ತೇ? ಹೊಸ ಹುಡುಗರು ಅದನ್ನೇ ತಿದ್ದಿ, ಬೆಳೆಸಿ, ಮುಂದಕ್ಕೆ ಒಯ್ಯುತ್ತಿರಲಿಲ್ಲವೇ?

ಎಲ್ಲರಿಗೂ ಒಂದೇ ನಂಬರು ಕೊಡುವ ಏರ್ಪಾಡು ಬಂದದ್ದು ಯೂನಿಕೋಡ್‌ನಿಂದ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಅಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಬೀದಿ. ಪಕ್ಕದ 128 ಮನೆಗಳ ಬೀದಿ ತೆಲುಗಿನದು. ಗೌರಿಬಿದನೂರಿನ ಪಕ್ಕ ಹಿಂದೂಪುರ ಇದ್ದ ಹಾಗೆ! ಒಬ್ಬರ ಮನೆಯನ್ನು ಇನ್ನೊಬ್ಬರು ಕಸಿಯದೆ, ಗೋಡೆ ಒಂದಾಗಿ, ಬಾಗಿಲು ಬೇರೆಯಾಗಿ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ತೆಲುಗು ಆಡುತ್ತಾರೆ. ಅವರೂ ಕನ್ನಡಿಗರೇ. ಕೈವಾರದ ತಾತಯ್ಯನವರು ಎರಡು ನುಡಿಗಳಲ್ಲೂ ಹಾಡಿದರು. ನಮ್ಮ ಜಗಳ ಪಕ್ಕದ ಬೀದಿಯವರೊಂದಿಗೆ ಅಲ್ಲ, ನಮ್ಮ ಬೀದಿಗೆ ಬೀಗ ಹಾಕಿದವರೊಂದಿಗೆ.

ಸರ್ಕಾರವೇ, ಕಿವಿಗೊಡು

2010ರ ದಶಕದಲ್ಲಿ ಸರ್ಕಾರವೇ ಯೂನಿಕೋಡ್ ಬಳಸಿ ಎಂದಿತು. ಹೇಳಿ ಎಷ್ಟು ಕಾಲವಾಯಿತು! ಇಂದಿಗೂ ಎಷ್ಟೋ ಕಚೇರಿಗಳಲ್ಲಿ ಹಳೆಯ ಫಾಂಟಿನಲ್ಲಿ ಟೈಪು ಮಾಡಿ, ಕಾಗದಕ್ಕೆ ತೆಗೆದು, ಸಹಿ ಹಾಕಿ, ಆ ಕಾಗದದ ಚಿತ್ರ ಹಿಡಿದು ಜನರಿಗೆ ಕೊಡುತ್ತಾರೆ. ಅದರಲ್ಲಿ ಒಂದು ಪದ ಹುಡುಕಲು ಆಗದು. ಕಣ್ಣು ಕಾಣದವರಿಗೆ ಓದಿಹೇಳುವ ಯಂತ್ರಕ್ಕೆ ಅದು ಖಾಲಿ ಹಾಳೆ. ಕೃತಕ ಬುದ್ಧಿಮತ್ತೆಯ ಯಂತ್ರಗಳು ಈಗ ಸಿಕ್ಕಿದ್ದನ್ನೆಲ್ಲ ಓದಿ ಕಲಿಯುತ್ತಿವೆ. ಅವುಗಳ ಪಾಠಶಾಲೆಗೆ ನಮ್ಮ ಕನ್ನಡ ಗೋಡೆಗೆ ಅಂಟಿಸಿದ ಚಿತ್ರವಾಗಿ ಹೋಗಬೇಕೇ?

ಗೌರಿಬಿದನೂರಿನಲ್ಲಿ 1965ರಿಂದ ಭೂಮಿಯ ಸಣ್ಣ ನಡುಕವನ್ನೂ ದಾಖಲಿಸುವ ಕೇಂದ್ರವಿದೆ. 1976ರಿಂದ ಆಕಾಶದ ಕ್ಷೀಣ ರೇಡಿಯೋ ದನಿಗೆ ಕಿವಿಗೊಡುವ ದೂರದರ್ಶಕವಿದೆ. ಪಾತಾಳದ ಸದ್ದು ಕೇಳುತ್ತದೆ, ಅಂತರಿಕ್ಷದ ಸದ್ದು ಕೇಳುತ್ತದೆ. ಕಚೇರಿಗಳಿಗೆ ಕನ್ನಡಿಗನ ಸದ್ದು ಮಾತ್ರ ಕೇಳುವುದಿಲ್ಲ!

ಇನ್ನೊಂದು ಅನ್ಯಾಯ ನೋಡು. ಕೃತಿಸ್ವಾಮ್ಯ ಕಾಯ್ದೆಯ 28ನೇ ಸೆಕ್ಷನ್ನಿನಂತೆ ಸರ್ಕಾರಿ ಕೃತಿಗೆ, ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಹಕ್ಕು ಸರ್ಕಾರದ್ದೇ. ತಂತ್ರಾಂಶವೂ ಈ ಕಾಯ್ದೆಯ ಲೆಕ್ಕದಲ್ಲಿ ಸಾಹಿತ್ಯ ಕೃತಿ. ಅಂದರೆ ನಿನ್ನ ತೆರಿಗೆಯಲ್ಲಿ ಹುಟ್ಟಿದ ಸರ್ಕಾರಿ ತಂತ್ರಾಂಶವನ್ನು, ಸರ್ಕಾರ ಪರವಾನಗಿ ಕೊಡದಿದ್ದರೆ, ನಿನ್ನ ಮೊಮ್ಮಗ ಬಂದ ಮೇಲೆ ಮುಟ್ಟಬಹುದು!

ಮನಸ್ಸಿದ್ದರೆ ಮಾರ್ಗವಿದೆ ಎಂದು ತೋರಿಸಿದವರು ಇದ್ದಾರೆ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಯಲ್ಲಿ ನಾಡಿಗೆ ಬಿಟ್ಟುಕೊಟ್ಟಿತು. ಅದೇ ವರ್ಷ ನಿರಂಜನರ 55 ಕೃತಿಗಳನ್ನು ಅವರ ಮನೆಯವರು ಮುಕ್ತಗೊಳಿಸಿದರು. ವಿ. ಕೃಷ್ಣ ಅವರು ನಲವತ್ತು ವರ್ಷ ಒಬ್ಬರೇ ಕುಳಿತು ಕಟ್ಟಿದ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟು, ಒಂದೂವರೆ ಲಕ್ಷ ಪದಗಳದ್ದು, 2019ರಲ್ಲಿ ಎಲ್ಲರ ಸ್ವತ್ತಾಯಿತು. ಒಬ್ಬ ವ್ಯಕ್ತಿಗೆ ಇರುವ ಔದಾರ್ಯ ಒಂದು ಸರ್ಕಾರಕ್ಕೆ ಇರಬಾರದೇ?

ಪಕ್ಕದ ಕೇರಳವನ್ನು ನೋಡು. ಅಲ್ಲಿನ ಸರ್ಕಾರಿ ಶಾಲೆಗಳು 2000ದ ದಶಕದಲ್ಲೇ ಮುಕ್ತ ತಂತ್ರಾಂಶಕ್ಕೆ ಹೊರಳಿದವು. ಮಕ್ಕಳು ಕಳ್ಳಪ್ರತಿ ಮುಟ್ಟದೆ ಕಂಪ್ಯೂಟರ್ ಕಲಿತರು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತು. ಚೆನ್ನಾಗಿ ಓಡುತ್ತಿದ್ದ ಎಷ್ಟೋ ಹಳೆಯ ಕಂಪ್ಯೂಟರುಗಳು ಒಂದೇ ದಿನಕ್ಕೆ ಮುದುಕರಾದವು. ಅಲ್ಲೆಲ್ಲೋ ಹಾಕಿದ ಗೆರೆಗೆ ನಮ್ಮ ಶಾಲೆಯ ಯಂತ್ರ ಇಲ್ಲಿ ಗುಜರಿಗೆ ಹೋಗಬೇಕೇ? ಲಿನಕ್ಸ್ ಹಾಕಿದರೆ ಅದೇ ಯಂತ್ರ ಇನ್ನೂ ವರ್ಷಗಟ್ಟಲೆ ದುಡಿಯುತ್ತದೆ.

ಬಡವನ ಉತ್ತರ

ಆಗ ಕೇಳಿದೆಯಲ್ಲ, ಬಡವನು ಏನು ಮಾಡಬೇಕೆಂದು? ಇಗೋ ಉತ್ತರ. ಕದಿಯಬೇಕಾಗಿಲ್ಲ! ಲಿಬ್ರೆ ಆಫೀಸ್ ಉಚಿತ, ಮುಕ್ತ, ಅದರಲ್ಲಿ ಕನ್ನಡ ಚೆನ್ನಾಗಿ ಮೂಡುತ್ತದೆ. ಪುಟ ಕಟ್ಟಲು ಸ್ಕ್ರೈಬಸ್, ಚಿತ್ರಕ್ಕೆ ಇಂಕ್‌ಸ್ಕೇಪ್. ಲೋಹಿತ್, ನೋಟೋ ಮುಂತಾದ ಕನ್ನಡ ಫಾಂಟುಗಳನ್ನು ನೀನು ಬಳಸಬಹುದು, ಹಂಚಬಹುದು, ಪರವಾನಗಿಗೆ ಒಳಪಟ್ಟು ತಿದ್ದಲೂಬಹುದು. ನಿನ್ನ ಆಂಡ್ರಾಯ್ಡ್ ಫೋನು ತೀರಾ ಹಳೆಯದಲ್ಲದಿದ್ದರೆ ಅದಕ್ಕೆ ಕನ್ನಡ ಬರುತ್ತದೆ. ಬರದಿರುವುದು ನಿನ್ನ ಬೆರಳಿಗೆ!

ಕಾನೂನಿನಲ್ಲೂ ನಮಗೆ ಕಿಟಕಿಗಳಿವೆ. ಲೇಖಕ ತೀರಿಕೊಂಡ ಮರುವರ್ಷದಿಂದ 60 ವರ್ಷ ಕಳೆದರೆ ಅವರ ಕೃತಿ ಎಲ್ಲರದು. ಮುದ್ದೇನಹಳ್ಳಿಯ ಮಗ ಸರ್ ಎಂ. ವಿಶ್ವೇಶ್ವರಯ್ಯ ತೀರಿಕೊಂಡದ್ದು 1962ರ ಏಪ್ರಿಲ್ 14ರಂದು. 2023ರ ಜನವರಿ 1ರಿಂದ ಅವರು ಬರೆದು ಪ್ರಕಟಿಸಿದ ಕೃತಿಗಳು ನಮ್ಮೆಲ್ಲರ ಸ್ವತ್ತು. ಅವರ ವೃತ್ತಿಜೀವನದ ನೆನಪುಗಳ ಇಂಗ್ಲಿಷ್ ಪುಸ್ತಕ ಬಂದದ್ದು 1951ರಲ್ಲಿ. ಯಾರ ಅಪ್ಪಣೆಯೂ ಬೇಡ, ನೀನೇ ಕನ್ನಡಿಸು, ಧ್ವನಿಪುಸ್ತಕ ಮಾಡು, ಹಂಚು! ಸೆಪ್ಟೆಂಬರ್ 15ಕ್ಕೆ ಅವರ ಪ್ರತಿಮೆಗೆ ಹಾರ ಹಾಕುವ ಕೈಗಳು ಸಾವಿರ. ಅವರ ಒಂದು ಪುಟವನ್ನು ಟೈಪು ಮಾಡುವ ಕೈ ಎಷ್ಟು?

ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಾರೆ. ದೇವನಹಳ್ಳಿಯ ಫಾಕ್ಸ್‌ಕಾನ್ ಕಾರ್ಖಾನೆಯಲ್ಲೂ 2025ರಲ್ಲಿ ಆ ಕೆಲಸ ಶುರುವಾಯಿತು. ನಮ್ಮ ನೆರೆಯ ನೆಲ, ನಮ್ಮ ನೀರು. ಜಗತ್ತಿನ ಜೇಬಿಗೆ ಹೋಗುವ ಫೋನು ನಮ್ಮ ಪಕ್ಕದಲ್ಲೇ ಹುಟ್ಟುತ್ತದೆ. ಆ ಕಾರ್ಖಾನೆಗಳಲ್ಲಿ ಕನ್ನಡಿಗನಿಗೆ ಕೆಲಸ ಕೇಳುವುದು ನ್ಯಾಯ, ಕೇಳೋಣ. ಅಲ್ಲಿಂದ ಹೊರಬರುವ ಫೋನಿನೊಳಗೆ ಕನ್ನಡಕ್ಕೂ ಜಾಗ ಕೇಳೋಣ. ಆದರೆ ಇರುವ ಜಾಗದಲ್ಲಿ ನೀನು ಮೊದಲು ಕೂರು!

ನಮ್ಮ ಹಕ್ಕೊತ್ತಾಯ

1. ರಾಜ್ಯದ ಬೊಕ್ಕಸದ ದುಡ್ಡಿನಲ್ಲಿ ತಯಾರಾದ ಪ್ರತಿಯೊಂದು ಕನ್ನಡ ತಂತ್ರಾಂಶ, ಫಾಂಟು, ನಿಘಂಟು ಆಕರ ಸಂಕೇತ ಸಹಿತ ಮುಕ್ತ ಪರವಾನಗಿಯಲ್ಲಿ ಜನರಿಗೆ ಸಿಗಬೇಕು.

2. ಚಿಕ್ಕಬಳ್ಳಾಪುರದ ಜಿಲ್ಲಾಡಳಿತ ಭವನದಿಂದ ಹಿಡಿದು ಕೊನೆಯ ಗ್ರಾಮ ಪಂಚಾಯಿತಿಯವರೆಗೆ ಆದೇಶ, ಸುತ್ತೋಲೆ, ನಡಾವಳಿ ಎಲ್ಲವೂ ಹುಡುಕಬಹುದಾದ ಯೂನಿಕೋಡ್ ಪಠ್ಯದಲ್ಲಿ ಇರಬೇಕು.

3. ಹಳೆಯ ಫಾಂಟುಗಳಲ್ಲಿ ಸಿಕ್ಕಿಬಿದ್ದಿರುವ ಬರಹಗಳನ್ನು ಬಿಡಿಸಿಕೊಡುವ ವ್ಯವಸ್ಥೆ ತಾಲ್ಲೂಕಿನ ಗ್ರಂಥಾಲಯಗಳಲ್ಲಿ ಆಗಬೇಕು. ಇನ್ನೊಬ್ಬ ಮೇಷ್ಟ್ರ ಹಾಡುಗಳು ಸಾಯಬಾರದು.

4. ಸರ್ಕಾರ ಕೊಳ್ಳುವ, ವಿದ್ಯಾರ್ಥಿಗಳಿಗೆ ಹಂಚುವ ಯಾವ ಸಾಧನವೇ ಇರಲಿ, ಪೆಟ್ಟಿಗೆ ತೆರೆದ ಗಳಿಗೆಯಲ್ಲೇ ಅದು ಕನ್ನಡ ಮಾತನಾಡಬೇಕು. ಟೆಂಡರಿನ ಮೊದಲ ಷರತ್ತೇ ಇದಾಗಲಿ.

ಈಗ ನಿನ್ನ ಸಿಟ್ಟಿಗೆ ಕೆಲಸ

ಸಿಟ್ಟನ್ನು ಇಟ್ಟುಕೊಂಡಿದ್ದೀಯಲ್ಲ? ತೆಗೆ ಹೊರಗೆ.

ಇವತ್ತೇ ಫೋನಿನ ಭಾಷೆಯನ್ನು ಕನ್ನಡಕ್ಕೆ ತಿರುಗಿಸು. ಎರಡು ದಿನ ತಡಕಾಡುತ್ತೀಯ, ಮೂರನೆಯ ದಿನ ಅಭ್ಯಾಸವಾಗುತ್ತದೆ. ಕನ್ನಡ ಕೀಲಿಮಣೆ ಹಾಕಿಕೊಂಡು ಕನ್ನಡ ಅಕ್ಷರದಲ್ಲೇ ಬರೆ. ನಿನ್ನೂರ ಡಿಟಿಪಿ ಅಣ್ಣನ ಪಕ್ಕ ಒಂದು ಭಾನುವಾರ ಕುಳಿತು ಮುಕ್ತ ತಂತ್ರಾಂಶ ಹಾಕಿಕೊಡು. ಅವನು ಕಳ್ಳನಲ್ಲ, ದಾರಿ ತೋರಿಸುವವರು ಸಿಗದವನು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ನಿನ್ನೂರಿನ ಬಗ್ಗೆ ಏನಿದೆ ನೋಡು, ವಿದುರಾಶ್ವತ್ಥದ 1938ರ ಬಲಿದಾನದ ಬಗ್ಗೆ ಏನಿದೆ ನೋಡು, ಕೊರತೆಯಿದ್ದರೆ ತುಂಬು. ಕನ್ನಡ ಪುಸ್ತಕವನ್ನು, ಕನ್ನಡ ತಂತ್ರಾಂಶವನ್ನು ಮಾರುವವರು ಇದ್ದರೆ ದುಡ್ಡು ಕೊಟ್ಟೇ ಕೊಳ್ಳು. ರಸೀದಿ ಕೇಳು. ಆ ರಸೀದಿಯೇ ನಿನ್ನ ಮತ!

ನಮ್ಮ ಸಂಘಟನೆಗಳಿಗೂ ಒಂದು ಮಾತು. ನಾಮಫಲಕಕ್ಕೆ ಮಸಿ ಬಳಿಯಲು ಒಂದು ಡಬ್ಬ ಬಣ್ಣ ಸಾಕು. ಕನ್ನಡವನ್ನು ಯಂತ್ರದೊಳಗೆ ಕೂರಿಸಲು ವರ್ಷಗಳ ದುಡಿಮೆ ಬೇಕು. ಮೊದಲನೆಯದಕ್ಕೆ ಸಾವಿರ ಜನ ಸೇರುತ್ತೇವೆ, ಎರಡನೆಯದಕ್ಕೆ ಹತ್ತು ಜನ ಸಿಗುವುದಿಲ್ಲ. ಈ ಲೆಕ್ಕ ತಿರುಗಬೇಕು. 1982ರ ಗೋಕಾಕ್ ಚಳವಳಿಯಲ್ಲಿ ನಮ್ಮ ಹಿರಿಯರು ಶಾಲೆಯೊಳಗೆ ಕನ್ನಡಕ್ಕೆ ಮೊದಲ ಮಣೆ ಕೇಳಿದರು. ನಮ್ಮ ಕಾಲದ ಶಾಲೆ ಈ ಅಂಗೈಯ ಯಂತ್ರ. ಇದರೊಳಗೆ ಕನ್ನಡಕ್ಕೆ ಮಣೆ ಹಾಕುವ ಸರದಿ ನಮ್ಮದು.

ಆ ಹೆಣ್ಣುಮಗಳು ಸಿ.ಡಿ.ಯನ್ನು ಚೀಲಕ್ಕೆ ಹಾಕಿಕೊಂಡು ಹೋದ ದಾರಿಯನ್ನು ನಾನು ಇಂದಿಗೂ ನೋಡುತ್ತಿದ್ದೇನೆ. ಬೀಗ ಹಾಕಿದವರು ಯಾರೋ. ಕೀಲಿಕೈ ಕೇಳದೆ ಹಿತ್ತಲ ಗೋಡೆ ಹಾರಿದವನು ನಾನು. ನೀನು ಹಾಗೆ ಮಾಡಬೇಡ. ಮುಂಬಾಗಿಲಿಗೆ ಬಾ, ತಲೆಯೆತ್ತಿ ನಿಲ್ಲು, ಕೀಲಿಕೈ ಕೇಳು. ಕೊಡದಿದ್ದರೆ ನಮ್ಮದೇ ಮನೆ ಕಟ್ಟೋಣ, ಬೀಗವೇ ಇಲ್ಲದ ಮನೆ!

ಸಿರಿಗನ್ನಡಂ ಗೆಲ್ಗೆ!